ಪಟ್ಟಿ ಕಟ್ಟಿಸಿಕೊಂಡ ಗುಮಾಸ್ತರು

ನಮ್ಮ ಶಾಲೆಯ ಗೈಡ್ಸ್ ದಳಕ್ಕೆ ತಮ್ಮ ಇಬ್ಬರು ಹೆಣ್ಣುಮಕ್ಕಳನ್ನು ಸೇರಿಸಲು ಬಂದ ಅಂಚೆ ಗುಮಾಸ್ತರ ತಲೆಗೆ ಪಟ್ಟಿ ಸುತ್ತಿತ್ತು, ಕಾಲಿಗೆ ಅಡಿಕೋಲು ಬಿಗಿದಿತ್ತು. "ಅಯ್ಯೋ, ಏನಾಯ್ತು ಸ್ವಾಮಿ?" ಎಂದೆ. "ಏನೂ ಆಗಿಲ್ಲ ಮೇಷ್ಟ್ರೇ. ಸೇರೋಕೆ ಮುಂಚೆ ಪ್ರಥಮ ಚಿಕಿತ್ಸೇಲಿ ಮಕ್ಕಳ ಕೈ ಸ್ವಲ್ಪ ಪಳಗಲಿ ಅಂತ ಅವರ ಕೈಲೇ ಕಟ್ಟಿಸಿಕೊಂಡೆ," ಎಂದರು. ಆಮೇಲೆ ಕಚೇರಿಗೂ ಮದುವೆಮನೆಗೂ ಹಾಗೆಯೇ ಹೋಗತೊಡಗಿದರು. "ಇವರಿಗೆ ನಿಜವಾಗ್ಲೂ ಪೆಟ್ಟಾದ್ರೆ ಯಾರೂ ನಂಬಲ್ಲ," ಎಂದು ಹೆಂಡತಿ ಗೊಣಗುತ್ತಿದ್ದರು. ಚಿಕ್ಕವಳ ಗಂಟು ಮಾತ್ರ ನಿಲ್ಲುತ್ತಿರಲಿಲ್ಲ. "ನಂಗೆ ಬರಲ್ಲಪ್ಪ, ದಳ ಬಿಟ್ಬಿಡ್ತೀನಿ," ಎಂದು ಅಳುತ್ತಿದ್ದಳು. ಅವಳು ಕಟ್ಟಿದ ದಿನ ಗುಮಾಸ್ತರು ಒಂದು ಕೈಯಲ್ಲಿ ತಲೆಪಟ್ಟಿಯನ್ನು ಹಿಡಿದುಕೊಂಡೇ ಸಂಜೆಯವರೆಗೆ ಇನ್ನೊಂದು ಕೈಯಲ್ಲಿ ಕಾಗದಗಳಿಗೆ ಮುದ್ರೆ ಒತ್ತುತ್ತಿದ್ದರು, ಮನೆಗೆ ಹೋಗಿ, "ನೋಡು ಮಗಳೇ, ಅಲುಗಾಡಿಲ್ಲ!" ಎನ್ನುತ್ತಿದ್ದರು. ಈಗ ಆ ಚಿಕ್ಕವಳೇ ದಳದ ನಾಯಕಿ. ಶನಿವಾರಗಳಂದು ಹೊಸ ಹುಡುಗಿಯರಿಗೆ ಅಪ್ಪನ ತಲೆಯ ಮೇಲೆಯೇ ಪಟ್ಟಿ ಕಟ್ಟಿ ತೋರಿಸುತ್ತಾಳೆ. ಗಂಟು ಕಲ್ಲಿನಂತೆ ಕೂತಿರುತ್ತದೆ; ಗುಮಾಸ್ತರು ಮಾತ್ರ ಇಂದಿಗೂ ಅದನ್ನು ಒಂದು ಕೈಯಲ್ಲಿ ಹಿಡಿದುಕೊಂಡೇ ಮನೆಗೆ ನಡೆಯುತ್ತಾರೆ.