ಹೊಳೆಯ ಮೇಲೆ ನಡೆಯುವ ಮಂದಿ

ದಾಂಡೇಲಿಯ ಮರದ ವ್ಯಾಪಾರಿಯೊಬ್ಬರ ಬಂಗಲೆಯಲ್ಲಿ ದೇವಿಬಾಯಿ ಕಸಮುಸುರೆ ಮಾಡುತ್ತಿದ್ದಳು. ಗಂಡ ಗಂಗಾರಾಮನ ಜೊತೆ ಮುಂಡಗೋಡದ ಕಡೆಯಿಂದ ಕೂಲಿಗೆಂದು ಬಂದವಳು. ತೊಂಬತ್ತರ ಮಳೆಗಾಲದಲ್ಲಿ ಬಿದಿರು ಕಡಿಯಲು ಹೊರಟ ಗಂಗಾರಾಮನ ದೋಣಿ ಕಾಳಿ ಹೊಳೆಯಲ್ಲಿ ಮಗುಚಿತು. ಉಳಿದವರು ಈಜಿ ದಡ ಸೇರಿದರು. ಅವನ ಹೆಣವೂ ಸಿಗಲಿಲ್ಲ. ಮಗಳು ಮಾಯಾ ಆಗ ಇನ್ನೂ ಸಣ್ಣವಳು.

ಬಂಗಲೆಯ ನಡುಮನೆಯಲ್ಲಿ ದೊಡ್ಡದೊಂದು ಚಿತ್ರವಿತ್ತು. ಬೆಳ್ಳನೆಯ ನೆಲ, ಎಲೆ ಉದುರಿದ ಮರಗಳು, ಬೂದು ಬಯಲಿನ ಮೇಲೆ ಜಾರುತ್ತ ಆಡುವ ಹಳ್ಳಿಯ ಮಂದಿ. ಮುದುಕನೊಬ್ಬ ಬಿದ್ದಿದ್ದ, ಹೆಂಗಸೊಬ್ಬಳು ನಗುತ್ತಿದ್ದಳು. ದೇವಿಬಾಯಿ ಅದರ ಗಾಜು ಒರೆಸುತ್ತಿದ್ದಾಗ ಮನೆಯೊಡತಿ ಸುಶೀಲವ್ವ ಹೇಳಿದರು:

“ಅದು ಬಯಲಲ್ಲ, ಹೊಳಿ. ಆ ದೇಶದಾಗ ಥಂಡಿಗೆ ನೀರು ಕಲ್ಲಿನಂಗ ಗಟ್ಟಿ ಆಕ್ಕೈತಿ.”

“ಮ್ಯಾಲೆ ನಿಂತ್ರ ಮುಳುಗೂದಿಲ್ಲೇನ್ರೀ ಅವ್ವಾರ?”

“ಮಂದಿ ಕುಣದಾಡಾಕತ್ತಾರ, ನೋಡು.”

ದೇವಿಬಾಯಿ ಅರಿವೆ ಹಿಡಿದುಕೊಂಡೇ ಚಿತ್ರದ ಹತ್ತಿರ ಬಾಗಿದಳು. “ಅಂಥಾ ಹೊಳಿನೂ ಅದಾವೇನ್ರೀ?” ಎಂದು ಗಾಜಿನ ಮೇಲಿಂದಲೇ ಆ ಹೊಳೆಯನ್ನು ಬೆರಳಿನಿಂದ ಮುಟ್ಟಿದಳು. ಸುಶೀಲವ್ವನಿಗೆ ಗಂಗಾರಾಮನ ನೆನಪಾಯಿತು.

ಮಗಳನ್ನು ದೇವಿಬಾಯಿ ಬಟ್ಟೆ ಒಗೆಯಲೂ ಹೊಳೆಗೆ ಬಿಡಲಿಲ್ಲ. ಆದರೆ ದೊಡ್ಡವಳಾದ ಮಾಯಾ ಮೆಚ್ಚಿದ್ದು ಜೋಯಿಡಾ ಕಡೆಯ ಕುಬೇರನನ್ನು. ಅವನ ಊರು ಕಾಳಿಯ ಅಣೆಕಟ್ಟಿನ ಹಿನ್ನೀರಿನ ಆಚೆ ದಡದಲ್ಲಿತ್ತು, ದೋಣಿಯಲ್ಲೇ ಹೋಗಬೇಕು.

“ಬ್ಯಾಡವ್ವಾ ಆ ಊರು,” ಎಂದಳು ದೇವಿಬಾಯಿ.

“ಅಪ್ಪ ಹ್ವಾದ ಅಂತ ನಾ ಬದುಕೂದ ಬಿಡ್ಲೇನ?”

ಮದುವೆ ಮಾಡಿಕೊಟ್ಟಳು. ಆದರೆ ಮಗಳನ್ನು ಕಳಿಸಲು ದೋಣಿಯವರೆಗೂ ಹೋಗಲಿಲ್ಲ.

ಚೊಚ್ಚಲ ಹೆರಿಗೆಗೆ ತವರಿಗೆ ಬರುವ ಮೊದಲೇ, ತಿಂಗಳು ತುಂಬದೆ, ಮಾಯಾ ಅಲ್ಲೇ ಹೆತ್ತಳು. ದೇವಿಬಾಯಿ ಬಾಣಂತಿಗೆ ತಿನ್ನಿಸಲೆಂದು ಅಂಟಿನುಂಡಿ ಕಟ್ಟಿಕೊಂಡು ದಡಕ್ಕೆ ಬಂದಳು. ಕರೆಯಲು ಬಂದ ಕುಬೇರ ಕೈ ಚಾಚಿದ.

“ಬರ್ರಿ ಅತ್ತಿ, ನಾ ಅದೇನಿ.”

ಒಂದು ಕಾಲಿಟ್ಟಳು. ದೋಣಿ ಓಲಾಡಿತು. “ಆಗೂದಿಲ್ಲಪಾ ನನ್ನ ಕೈಲೆ,” ಎಂದು ಗಂಟು ಅವನ ಕೈಗಿತ್ತಳು. ಆಚೆ ದಡದಲ್ಲಿ ಮಾಯಾ ಕೂಸನ್ನು ಎತ್ತಿ ಹಿಡಿದಿದ್ದಳು. ಅಷ್ಟು ದೂರಕ್ಕೆ ಬಿಳಿ ಬಟ್ಟೆಯಷ್ಟೇ ಕಂಡಿತು, ಮುಖ ಕಾಣಲಿಲ್ಲ.

ಆ ಕೂಸು ಮಳೆಗಾಲ ದಾಟಲಿಲ್ಲ. ಸುದ್ದಿ ಬಂದಾಗ ನೀರು ತುಂಬಿ ನಿಂತಿತ್ತು. ದೇವಿಬಾಯಿ ದೋಣಿ ಹತ್ತಿ, ಕಣ್ಣು ಮುಚ್ಚಿ ಕುಳಿತಳು. ಅವಳು ಊರು ಮುಟ್ಟುವಷ್ಟರಲ್ಲಿ ಮಣ್ಣು ಮಾಡಿಯಾಗಿತ್ತು.

“ಈಗ ಬಂದ್ಯಾ, ಅವ್ವಾ?” ಎಂದಳು ಮಾಯಾ.

ದೇವಿಬಾಯಿ ಒಲೆ ಹೊತ್ತಿಸಿ ಹಂಡೆ ತುಂಬ ನೀರು ಕಾಯಿಸಿದಳು. ಮಗಳನ್ನು ಬಚ್ಚಲಲ್ಲಿ ಕೂಡಿಸಿ, ಎಣ್ಣೆ ತಿಕ್ಕಿ, ಬಾಣಂತಿಗೆ ಎರೆಯುವಂತೆಯೇ ಎರೆದಳು.