ಅಲ್ಲಾಬಕ್ಷರು ಕೈ ಹಚ್ಚದ ಜಾಗ

ಸೇಡಂ ರಸ್ತೆಯಲ್ಲಿ ನನ್ನದು ಬ್ಯಾಟರಿ ಅಂಗಡಿ, ಪಕ್ಕದಲ್ಲಿ ಅಲ್ಲಾಬಕ್ಷರ ಗ್ಯಾರೇಜು. ಇಪ್ಪತ್ತೆರಡು ವರ್ಷಗಳಿಂದ ಗೋಡೆಗೆ ಗೋಡೆ ಹಚ್ಚಿಕೊಂಡು ಕೂತಿದ್ದೇವೆ. ಹಾಗಾಗಿ ಅವರ ಬಗ್ಗೆ ಬರೆಯುವ ಹಕ್ಕು ನನಗಿದೆ, ಬೈಯುವ ಹಕ್ಕಂತೂ ಇದ್ದೇ ಇದೆ.

ಅಲ್ಲಾಬಕ್ಷರ ಆಸ್ತಿ ಎಂದರೆ ಅವರ ಹೆಸರೊಂದೇ. ನಮ್ಮ ಬೇಸಿಗೆಗೆ ಮನುಷ್ಯರೇ ಕುದಿಯುತ್ತಾರೆ, ಎಂಜಿನ್ನಿನ ಮಾತೇನು? ಗಾಡಿ ಬಿಸಿಯಾಗುತ್ತದೆ ಎಂದರೆ ಕಲಬುರಗಿಯಲ್ಲಿ ಯಾರನ್ನು ಕೇಳಿದರೂ ಅವರ ಗ್ಯಾರೇಜನ್ನೇ ತೋರಿಸುತ್ತಿದ್ದರು. ಅವರದೊಂದು ಪದ್ಧತಿ ಉಂಟು. ದೇವರ ಫೋಟೋ, ಹಾರ, ತಾಯಿತ ಏನಿದ್ದರೂ ತೆಗೆದು ಗಾಡಿ ಬಿಡಬೇಕು ಎಂದು ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿದ್ದಾರೆ. ಎಣ್ಣೆ ಕೈ ಯಾರ ದೇವರಿಗೂ ತಾಗಬಾರದಂತೆ. ದರ್ಗಾದಿಂದ ತಂದ ಹಸಿರು ಬಟ್ಟೆಗೂ ಅದೇ ಕಾಯ್ದೆ. ಇಷ್ಟು ಮರ್ಯಾದೆ ಒಳ್ಳೆಯದಲ್ಲ ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ.

ಜೇವರ್ಗಿ ಕಾಲೋನಿಯ ವಾಸುದೇವರಾಯರು ಕಾಲೇಜೊಂದರಲ್ಲಿ ಗುಮಾಸ್ತರು. ಪ್ರತಿ ಶನಿವಾರ ತಾಯಿ ಜಾನಕೀಬಾಯಿಯವರನ್ನು ತಮ್ಮ ಹಳೆಯ ಕಾರಿನಲ್ಲಿ ಕೂಡಿಸಿಕೊಂಡು ಕಮಲಾಪುರದಲ್ಲಿರುವ ತಂಗಿ ಹರಿಪ್ರಿಯಾಳ ಮನೆಗೆ ಹೋಗಿಬರುತ್ತಾರೆ. ಹೋದ ಮಾರ್ಚ್ ತಿಂಗಳಲ್ಲಿ ಕಾರು ದಾರಿಯಲ್ಲೇ ಕುದ್ದು ನಿಂತಿತು. ಅಲ್ಲಾಬಕ್ಷರು ನೋಡಿದರು. ನೀರಿನ ಪಂಪು ಸೋರುತ್ತಿತ್ತು, ಹೊಸದು ಹಾಕಿದರು. ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಂದಿನ ಶನಿವಾರ ಕಾರು ಮತ್ತೆ ಕುದ್ದಿತು.

ಥರ್ಮೋಸ್ಟಾಟ್ ಬದಲಾಯಿತು. ಮತ್ತೆ ಕುದ್ದಿತು. ರೇಡಿಯೇಟರ್ ಬಿಚ್ಚಿ ತೊಳೆದರು, ಕೊನೆಗೆ ಎಂಜಿನ್ನಿನ ತಲೆಯನ್ನೇ ಎತ್ತಿ ಗ್ಯಾಸ್ಕೆಟ್ ಹಾಕಿದರು. ಪ್ರತಿ ಸಲವೂ ತಾವೇ ಕಮಲಾಪುರದವರೆಗೆ ಓಡಿಸಿ, ಅಲ್ಲಿ ಒಂದು ಕೆಂಪು ಬಾಳೆಹಣ್ಣು ತಿಂದು ವಾಪಸು ಬರುತ್ತಿದ್ದರು. ಬಿಸಿ ತೋರಿಸುವ ಮುಳ್ಳು ಅರ್ಧಕ್ಕಿಂತ ಮೇಲೆ ಏರುತ್ತಿರಲಿಲ್ಲ. ಮನೆಯವರು ಕೂತು ಹೊರಟರೆ ಸಾಕು, ಊರು ಮುಟ್ಟುವ ಮೊದಲೇ ಹೊಗೆ. ಅಲ್ಲಾಬಕ್ಷರ ಕಣ್ಣು ಮಂಜಾಗಿದೆ ಎಂದು ಜೇವರ್ಗಿ ಕಾಲೋನಿಯಲ್ಲಿ ಮಾತು ಶುರುವಾಯಿತು. ಅವರ ಅರ್ಧ ಗಿರಾಕಿಗಳು ಇರುವುದೇ ಆ ಕಾಲೋನಿಯಲ್ಲಿ.

ಒಂದು ಮಧ್ಯಾಹ್ನ ಅವರು ಊಟದ ಡಬ್ಬಿ ಮುಚ್ಚಿಟ್ಟು ನನ್ನ ಅಂಗಡಿಗೆ ಬಂದು ಕೂತರು.

"ಮಲ್ಲಣ್ಣ, ನನಗ ಕೆಲಸ ಮರ್ತದೇನು?"

ನಾನು ಚಹಾ ತರಿಸಿದೆ.

ಆ ಶನಿವಾರ ವಾಸುದೇವರಾಯರ ಫೋನು ಬಂತು. ಕಮಲಾಪುರ ಇನ್ನು ಮೂರು ಕಿಲೋಮೀಟರ್ ಇರುವಾಗ ಕಾರು ನಿಂತಿದೆಯಂತೆ. ನನ್ನ ಬೈಕಿನಲ್ಲಿ ಇಬ್ಬರೂ ಹೋದೆವು. ಕಾರು ಬೇವಿನ ಮರದ ಕೆಳಗೆ ಉಸಿರು ಬಿಡುತ್ತಿತ್ತು. ಅದರ ಮೂತಿಯ ಮೇಲೆ, ಎಂಜಿನ್ ತಂಪಾಗಿಡಲು ರೇಡಿಯೇಟರಿಗೆ ಗಾಳಿ ನುಗ್ಗುವ ಜಾಲರಿಗೆ ಸರಿಯಾಗಿ, ಮೊಳದುದ್ದದ ಹಿತ್ತಾಳೆಯ ವೆಂಕಟರಮಣ! ಖಡಖಡ ಸದ್ದಾಗಬಾರದೆಂದು ಹಿಂದೆ ಒಂದು ಜರಿಯ ಶಾಲು ಮಡಿಸಿ ಬಿಗಿದಿದ್ದರು. ಸೊಳ್ಳೆ ತೂರಲೂ ಜಾಗವಿರಲಿಲ್ಲ.

ಮೊದಲ ರಿಪೇರಿಯಾದ ಮೇಲೆ, ಕಾರು ಇನ್ನೆಂದೂ ಕೈಕೊಡದಿರಲಿ ಎಂದು ಜಾನಕೀಬಾಯಿಯವರು ತಿರುಪತಿಯಿಂದ ಅದನ್ನು ತರಿಸಿದ್ದರಂತೆ. ಕಾರು ಕುದ್ದಾಗಲೆಲ್ಲ ಭಕ್ತಿ ಸಾಲದಾಯಿತೆಂದು ಶಾಲಿಗೆ ಇನ್ನೊಂದು ಮಡಿಕೆ ಏರುತ್ತಿತ್ತು.

ವಾಸುದೇವರಾಯರು ಅಭಿಮಾನದಿಂದಲೇ ಹೇಳಿದರು. "ಗ್ಯಾರೇಜಿಗೆ ತರೂಮುಂದ ನಿಮ್ಮ ಕಾಯ್ದೆ ಪ್ರಕಾರ ಬಿಚ್ಚಿಟ್ಟೇ ಬರ್ತೀನ್ರಿ, ಸಾಹೇಬ್ರ. ಒಂದ್ಸಲಾನೂ ತಪ್ಪಿಸಿಲ್ಲ."

ನಾನು ಬಾಯಿ ತೆರೆದೆ. ಅಲ್ಲಾಬಕ್ಷರು ನನ್ನ ಮೊಣಕೈ ಹಿಡಿದು ಒತ್ತಿದರು. ಆಮೇಲೆ ಮರದ ನೆರಳಲ್ಲಿ ಜಪ ಮಾಡುತ್ತಿದ್ದ ಜಾನಕೀಬಾಯಿಯವರ ಮುಂದೆ ಹೋಗಿ ಕೈಕಟ್ಟಿ ನಿಂತರು.

"ಅಮ್ಮಾ, ಇಂಥ ಬಿಸಿಲಾಗ ದೇವ್ರನ್ನ ಹೊರಗ ನಿಂದರ್ಸೀರಿ. ಒಳಗ ತಂಪನ್ಯಾಗ ಕೂಡಸ್ರಿ."

ಮುದುಕಿಯ ಕಣ್ಣು ತುಂಬಿ ಬಂತು. ದೇವರು ಹಿಂದಿನ ಸೀಟಿನ ಮೇಲೆ ಶಾಲು ಹೊದ್ದು ಕೂತರು. ಆ ದಿನದಿಂದ ಕಾರು ಒಮ್ಮೆಯೂ ಕುದ್ದಿಲ್ಲ.

ವಾಪಸು ಬರುವಾಗ ದಾರಿಯುದ್ದಕ್ಕೂ ಬೈದೆ. ತಪ್ಪು ಅವರದು, ಹೆಸರು ಹೋದದ್ದು ನಿಮ್ಮದು, ನಿಜ ಹೇಳಲು ಏನು ಧಾಡಿ ಎಂದೆ. ಅವರು ಬೈಕಿನ ಹಿಂದಿನ ಸೀಟಿನಿಂದ ಹೇಳಿದರು:

"ನಿಮ್ಮ ದೇವ್ರಿಂದ ಗಾಡಿ ಕೆಟ್ಟದ ಅಂತ ನೀ ಹೇಳಿದ್ರ ಒಂದು ಮಾತು, ಮಲ್ಲಣ್ಣ. ನಾ ಹೇಳಿದ್ರ ಅದ ಬ್ಯಾರೆ ಕೇಳಸ್ತದ."

ನನ್ನ ಸಿಟ್ಟು ಮಾತ್ರ ಹಾಗೇ ಉಳಿಯಿತು.

ಹೋದ ವಾರ ಅದೇ ಕಾಲೋನಿಯ ಕಸ್ತೂರಿಬಾಯಿ ಎಂಬವರು ಬ್ಯಾಟರಿ ಹಾಕಿಸಲು ನನ್ನ ಅಂಗಡಿಗೆ ಬಂದರು. ಜೊತೆಗೆ ಜಾನಕೀಬಾಯಿ. ತಮ್ಮ ಕಾರು ಬಿಸಿಯೂ ಆಗುತ್ತದೆ ಎಂದು ಕಸ್ತೂರಿಬಾಯಿ ಹೇಳಿದರು. ನಾನು ಖುಷಿಯಿಂದ ಪಕ್ಕದ ಬಾಗಿಲು ತೋರಿಸಿ ಅಲ್ಲಾಬಕ್ಷರನ್ನು ಕರೆದೆ. ಜಾನಕೀಬಾಯಿಯವರು ನಡುವೆ ಬಾಯಿ ಹಾಕಿ ತಮ್ಮ ಕಾರಿನ ಪವಾಡವನ್ನು ಮೊದಲಿನಿಂದ ಹೇಳತೊಡಗಿದರು. ನಾಲ್ಕು ಸಲ ಬಿಚ್ಚಿದರೂ ಆಗದ್ದು ದೇವರನ್ನು ಒಳಗೆ ಕೂಡಿಸಿದ ಕೂಡಲೇ ಆಯಿತಂತೆ.

"ಪಾಪ, ಸಾಹೇಬ್ರು ಭಾಳ ಒದ್ದಾಡಿದ್ರು. ಅವರ ಕೈಲೆ ಆಗ್ಲಿಲ್ಲ. ಹೌದಲ್ರೀ?"

ಅಲ್ಲಾಬಕ್ಷರು ಅರಿವೆಗೆ ಕೈ ಒರೆಸಿಕೊಂಡರು.

"ಹೌದ್ರಿ, ಅಮ್ಮ."

ಕಸ್ತೂರಿಬಾಯಿ ಬ್ಯಾಟರಿ ಹಾಕಿಸಿಕೊಂಡು, ಉಳಿದ ಕೆಲಸಕ್ಕೆ ಬೇರೆ ಗ್ಯಾರೇಜು ಹುಡುಕಿ ಹೊರಟರು. ರಸ್ತೆಯಲ್ಲಿ ಗಾಡಿಗಳ ಸಾಲು ಇತ್ತು. ಅಲ್ಲಾಬಕ್ಷರು ನಡುವೆ ನಿಂತು, ಕೈ ಅಡ್ಡ ಹಿಡಿದು, ಅವರ ಕಾರಿಗೆ ದಾರಿ ಬಿಡಿಸಿಕೊಟ್ಟರು.