ಕಾಣಿಕೆ ಬಿಟ್ಟು ಎದ್ದು ಹೋದವಳು

ಹೊಲಿಗೆ ಅಂಗಡಿಯ ಆ ಹೆಂಗಸನ್ನು ಬೀದಿಯವರೆಲ್ಲ ಕತ್ತರಿಯಮ್ಮ ಎಂದೇ ಕರೆಯುತ್ತಿದ್ದರು. ಕೈಯಲ್ಲಿ ಸದಾ ಕತ್ತರಿ ಇರುತ್ತಿತ್ತು ಎಂಬುದು ಒಂದು ಕಾರಣ, ಮಾತೂ ಅಷ್ಟೇ ಹರಿತ ಎಂಬುದು ಇನ್ನೊಂದು. ಗಿರಾಕಿ ಮೆಟ್ಟಿಲು ಹತ್ತುವಷ್ಟರಲ್ಲಿ ಕಣ್ಣಲ್ಲೇ ಅಳತೆ ತೆಗೆದು, "ಹೋದ ಸಲಕ್ಕಿಂತ ಎರಡಿಂಚು ಹೆಚ್ಚಾಗಿದ್ದೀರಿ, ಟೇಪ್ ಹಿಡಿದು ನಿಮ್ಮನ್ನ ಯಾಕೆ ನೋಯಿಸಲಿ" ಅನ್ನುವವಳು. ಅಳತೆ ತಪ್ಪುತ್ತಲೂ ಇರಲಿಲ್ಲ. ಅದಕ್ಕೇ ಅವಳ ಬಾಯಿಯನ್ನು ಜನ ಸಹಿಸಿಕೊಂಡಿದ್ದರು.

ಅವಳಿಗೆ ಹನ್ನೆರಡು ವರ್ಷ ಚಿಕ್ಕವಳಾದ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡಿದ್ದರಿಂದ ಅಕ್ಕನೇ ಅವಳನ್ನು ಸಾಕಿದಳು, ಸೂಜಿ ಹಿಡಿಯುವುದನ್ನು ಕಲಿಸಿದಳು, ಮದುವೆ ಮಾಡಿದಳು. ಮದುವೆಯಾದ ಮೇಲೂ ತಂಗಿ ದಿನಾ ಬೆಳಿಗ್ಗೆ ಬಂದು ಕಿಟಕಿ ಪಕ್ಕದ ಮಿಷನ್ ಮುಂದೆ ಕೂರುತ್ತಿದ್ದಳು. ಅಕ್ಕ ಕತ್ತರಿಸುವುದು, ತಂಗಿ ಹೊಲಿಯುವುದು. ಹತ್ತೊಂಬತ್ತು ವರ್ಷ ಹೀಗೇ ನಡೆಯಿತು.

ಆಮೇಲೆ ಆ ಬಿಳಿ ಗೌನಿನ ದಿನ ಬಂತು. ಹತ್ತಿರದ ಶಾಲೆಯ ಹೆಡ್‌ಮೇಡಂ ಮಗಳ ಮದುವೆ ಗೌನು, ನುಣುಪಾದ ಸ್ಯಾಟಿನ್ ಬಟ್ಟೆಯದು. ಮಾರನೇ ದಿನವೇ ಮದುವೆ. ಕತ್ತರಿಯಮ್ಮ ಇಸ್ತ್ರಿ ಮಾಡುತ್ತಿದ್ದಾಗ ಫೋನ್ ಬಂತು. ಇಸ್ತ್ರಿಪೆಟ್ಟಿಗೆಯನ್ನು ಅಲ್ಲೇ ಬಿಟ್ಟು ಹೋದಳು. ಎರಡೇ ಮಾತು ಅಂದುಕೊಂಡಿದ್ದು ಇಪ್ಪತ್ತಾಯಿತು. ವಾಸನೆ ಬಂದು ಓಡಿ ಬಂದರೆ ಬೆನ್ನಿನ ಭಾಗದಲ್ಲಿ ಕಂದು ಬಣ್ಣದ ಸುಟ್ಟ ಗುರುತು, ಅಂಗೈಯಗಲ. ಅದೇ ಹೊತ್ತಿಗೆ ಹೆಡ್‌ಮೇಡಂ ಬಾಗಿಲಲ್ಲಿ ನಿಂತಿದ್ದರು. ಒಳಗಿನ ಕೋಣೆಯಿಂದ ತಂಗಿಯೂ ಗುಂಡಿಗಳ ಡಬ್ಬಿ ಹಿಡಿದು ಬಂದಳು.

"ಏನೇ ಇದು! ಇಸ್ತ್ರಿಪೆಟ್ಟಿಗೆ ಬಿಟ್ಟು ಎಲ್ಲಿ ಹಾಳಾಗಿ ಹೋಗಿದ್ದೆ? ನೋಡಿ ಮೇಡಂ, ಇವಳನ್ನ ನಂಬಿದ್ದಕ್ಕೆ!"

ಆ ಮಾತು ಕತ್ತರಿಯಮ್ಮನ ಬಾಯಿಂದ ಬಂದಿತ್ತು. ಯೋಚಿಸಿ ಆಡಿದ್ದಲ್ಲ, ಆದರೆ ವಾಪಸ್ ತೆಗೆದುಕೊಳ್ಳಲೂ ಇಲ್ಲ. ತಂಗಿ ಅಕ್ಕನ ಮುಖವನ್ನೊಮ್ಮೆ ನೋಡಿದಳು. ಹೆಡ್‌ಮೇಡಂ ಬೈದಷ್ಟನ್ನೂ ತಲೆ ತಗ್ಗಿಸಿ ಕೇಳಿಸಿಕೊಂಡಳು. ಸಂಜೆಯೊಳಗೆ ಬೆನ್ನಿನ ಭಾಗ ಪೂರ್ತಿ ಬಿಚ್ಚಿ, ಹೊಸ ಬಟ್ಟೆ ಕೂರಿಸಿ, ಗುರುತೇ ಸಿಗದ ಹಾಗೆ ಹೊಲಿದು ಹ್ಯಾಂಗರಿಗೆ ಹಾಕಿದಳು. ತನ್ನ ಸೂಜಿಪೆಟ್ಟಿಗೆ ತೆಗೆದುಕೊಂಡು ಮನೆಗೆ ಹೋದಳು. ಮತ್ತೆ ಬರಲಿಲ್ಲ.

ಏಳು ವರ್ಷ ಕಳೆಯಿತು. ಕೇಳಿದವರಿಗೆಲ್ಲ ಕತ್ತರಿಯಮ್ಮ "ಅವಳೇ ಹೋದಳು, ನಾನೇನು ಹೋಗು ಅಂದ್ನಾ?" ಅನ್ನುತ್ತಿದ್ದಳು. ತಂಗಿ ಮನೆಯಲ್ಲೇ ಒಂದು ಮಿಷನ್ ಹಾಕಿಕೊಂಡು ಚಿಲ್ಲರೆ ಹೊಲಿಗೆ ಮಾಡುತ್ತಿದ್ದಳು. ಗೌನು ಸುಟ್ಟವಳು ಎಂಬ ಹೆಸರು ಬಿದ್ದಿದ್ದರಿಂದ ಶಾಲೆಯ ಯೂನಿಫಾರಂ ಕೆಲಸ ಮಾತ್ರ ಅವಳ ಬಾಗಿಲಿಗೆ ಬರಲೇ ಇಲ್ಲ. ಇಬ್ಬರದೂ ಒಂದೇ ಚರ್ಚು. ಅಕ್ಕ ಏಳರ ಆರಾಧನೆಗೆ ಹೋದರೆ ತಂಗಿ ಒಂಬತ್ತರದ್ದಕ್ಕೆ. ಕತ್ತರಿಯಮ್ಮ ಪ್ರಾರ್ಥನೆ ಬಿಟ್ಟವಳಲ್ಲ. ಆ ಸುಳ್ಳನ್ನು ದೇವರಿಗೆ ನೂರು ಸಲ ಒಪ್ಪಿಸಿದ್ದಳು. ಒಪ್ಪಿಸಿದ್ದು ಸೋಮವಾರದ ಹೊತ್ತಿಗೆ ತಿರುಗಿ ಅವಳ ಎದೆಯ ಮೇಲೇ ಬಂದು ಕೂರುತ್ತಿತ್ತು.

ಆ ವರ್ಷ ಚರ್ಚಿನ ಬಲಿಪೀಠಕ್ಕೆ ಹೊಸ ಹೊದಿಕೆ ಕೊಡುತ್ತೇನೆಂದು ಹೇಳಿದಳು. ನಾಲ್ಕು ತಿಂಗಳು ಕೂತು ಅಂಚಿಗೆಲ್ಲ ಕೈಯಿಂದಲೇ ಕಸೂತಿ ಹಾಕಿದಳು. ಕೊಡುವ ಭಾನುವಾರ ಮಡಚಿದ ಹೊದಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಮುಂದಿನ ಬೆಂಚಿನಲ್ಲೇ ಕೂತಳು. ಪಾದ್ರಿಗಳು ಅವತ್ತು ಕಾಣಿಕೆಯ ಬಗ್ಗೆಯೇ ಮಾತಾಡಿದರು.

"ಕಾಣಿಕೆ ಹಿಡ್ಕೊಂಡು ಬಂದಿರ್ತೀಯ, ಅಷ್ಟರಲ್ಲಿ ಒಡಹುಟ್ಟಿದವರ ನೆನಪಾಗತ್ತೆ. ಆಗ ಕಾಣಿಕೆ ಅಲ್ಲೇ ಬಿಟ್ಟು ಮೊದಲು ಅವರ ಹತ್ರ ಹೋಗು ಅಂತ ಯೇಸು ಹೇಳಿದ್ದು. ಒಂದು ಗಮನಿಸಿ. ನಿಮಗೆ ಅವರ ಮೇಲೆ ಕೋಪ ಇದ್ರೆ ಅಂತಲ್ಲ. ನಿಮ್ಮಿಂದ ಅವರಿಗೆ ನೋವಾಗಿದ್ರೆ ಅಂತ."

ಕತ್ತರಿಯಮ್ಮ ಎದ್ದು ನಿಂತಳು. ಹೊದಿಕೆಯನ್ನು ಬೆಂಚಿನ ಮೇಲಿಟ್ಟಳು. ನಡುವಿನ ದಾರಿಯಲ್ಲಿ ಚಪ್ಪಲಿ ಸದ್ದು ಮಾಡುತ್ತ ನಡೆದೇಬಿಟ್ಟಳು. ಕತ್ತರಿಯಮ್ಮನಿಗೆ ಏನೋ ಸಿಟ್ಟು ಬಂದಿದೆ, ಇನ್ನು ಪಾದ್ರಿಗಳ ಗತಿ ಮುಗಿಯಿತು ಎಂದುಕೊಂಡರು ಜನ. ಅವಳ ಮನಸ್ಸಿನಲ್ಲಿ ಅಳುಕಿರಲಿಲ್ಲ. ತಪ್ಪು ಹೊಲಿಗೆ ಬಿದ್ದರೆ ಬಿಚ್ಚಬೇಕು, ಬಿಚ್ಚದೆ ಮೇಲೆ ಮೇಲೆ ಹೊಲಿದರೆ ಬಟ್ಟೆ ಕೆಡುತ್ತದೆ. ಇಷ್ಟು ಗೊತ್ತಿದ್ದೂ ಏಳು ವರ್ಷ ಕೂತಿದ್ದೆನಲ್ಲ ಎಂದು ತನ್ನ ಮೇಲೇ ಬೇಸರಪಟ್ಟುಕೊಳ್ಳುತ್ತ ಬಿರಬಿರನೆ ನಡೆದಳು.

ಬಾಗಿಲು ತೆಗೆದವನು ತಂಗಿಯ ಗಂಡ. ಬಸ್ ಓಡಿಸುವವನು, ಮೊದಲೇ ಮಾತು ಕಮ್ಮಿ. ಅವಳನ್ನು ನೋಡಿ ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಬಾಗಿಲು ಬಿಟ್ಟು ಒಳಗೆ ಹೋದ. ತಂಗಿ ಒದ್ದೆ ಕೈ ಒರೆಸಿಕೊಳ್ಳುತ್ತ ಬಂದಳು. ಅವಳ ಕಿವಿಯ ಪಕ್ಕದ ಕೂದಲು ಬೆಳ್ಳಗಾಗಿರುವುದನ್ನು ಅಕ್ಕ ಆಗಲೇ ನೋಡಿದ್ದು.

"ಗೌನು ಸುಟ್ಟಿದ್ದು ನಾನು," ಅಂದಳು ಕತ್ತರಿಯಮ್ಮ, ನಿಂತಲ್ಲೇ. "ಹೆದರಿಕೆಗೆ ನಿನ್ನ ಮೇಲೆ ಹಾಕಿದೆ. ಆಮೇಲೆ ಜಂಬ ಬಿಡಲಿಲ್ಲ. ತಪ್ಪಾಯ್ತು ಕಣೇ. ಹೊಟ್ಟೆಗೆ ಹಾಕ್ಕೋ."

ತಂಗಿ ಒಂದು ಕುರ್ಚಿ ಎಳೆದು ಅಕ್ಕನ ಮುಂದಿಟ್ಟಳು. "ಹೊಟ್ಟೆಗೆ ಹಾಕ್ಕೊಂಡು ಆರು ವರ್ಷ ಆಯ್ತಕ್ಕ. ಮೊದಲನೇ ವರ್ಷ ಆಗಲಿಲ್ಲ. ನಿನ್ನ ನೆನಪಾದ್ರೆ ಹೊಲಿಗೆ ತಪ್ಪಿ ಬೆರಳಿಗೆ ಸೂಜಿ ಚುಚ್ಕೊಳ್ತಿದ್ದೆ. ದಿನಾ ಪ್ರಾರ್ಥನೆ ಮಾಡಿ ಮಾಡಿ ಆ ಸಿಟ್ಟು ಬಿಟ್ಟೆ."

"ಮತ್ತೆ ಒಂದು ಮಾತು ಹೇಳಬಾರದಿತ್ತಾ?"

"ನೀನು ಕೇಳದೇ ಇರೋ ಕ್ಷಮೇನ ನಾನು ಹೇಗೆ ತಂದು ಕೊಡ್ಲಿ? ಇಟ್ಕೊಂಡಿದ್ದೆ, ನೀನು ಬರೋವರೆಗೂ." ಆಮೇಲೆ ತಂಗಿ ದನಿ ಗಟ್ಟಿ ಮಾಡಿಕೊಂಡಳು. "ಆದರೆ ಇದನ್ನ ನನಗೆ ಹೇಳಿದ್ರೆ ಏನು ಬಂತು? ನನಗೆ ಗೊತ್ತಿದ್ದದ್ದೇ ತಾನೆ. ಗೊತ್ತಿಲ್ಲದವರಿಗೆ ಹೇಳಕ್ಕ."

ಸೋಮವಾರ ಕತ್ತರಿಯಮ್ಮ ಅಂಗಡಿ ತೆರೆಯಲಿಲ್ಲ, ನೆಟ್ಟಗೆ ಶಾಲೆಗೆ ಹೋದಳು. ಹೆಡ್‌ಮೇಡಂ ಕೋಣೆಯಲ್ಲಿ ಇಬ್ಬರು ಟೀಚರುಗಳಿದ್ದರು. ಅವರು ಹೋಗಲಿ ಎಂದು ಕಾಯಲಿಲ್ಲ. ನಡೆದದ್ದನ್ನು ನಡೆದ ಹಾಗೆ ಹೇಳಿದಳು.

"ಏಳು ವರ್ಷದ ಹಿಂದಿನ ಮಾತು. ಈಗ್ಯಾಕಮ್ಮ ಇದು?" ಅಂದರು ಹೆಡ್‌ಮೇಡಂ.

"ಏಳು ವರ್ಷ ಆ ಕೆಟ್ಟ ಹೆಸರು ಹೊತ್ತಿದ್ದು ನಾನಲ್ಲ ಮೇಡಂ, ನನ್ನ ತಂಗಿ. ಅದಕ್ಕೆ."

ಹೆಡ್‌ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಾನೂ ಅವಳನ್ನ ಒಂದು ಮಾತು ಕೇಳಲಿಲ್ಲ. ದಾರೀಲಿ ಸಿಕ್ಕರೂ ಮುಖ ತಿರುಗಿಸಿಕೊಂಡು ಹೋಗಿದ್ದೀನಿ," ಅಂದರು ಮೆಲ್ಲಗೆ. ಆ ವಾರವೇ ಅವರು ತಂಗಿಯ ಮನೆಗೆ ತಾವೇ ಹೋಗಿ ಬಂದರಂತೆ. ಅಲ್ಲಿ ಏನು ಮಾತಾದವೋ ಕತ್ತರಿಯಮ್ಮ ಕೇಳಲಿಲ್ಲ. ಯೂನಿಫಾರಂ ಬಟ್ಟೆಯ ಥಾನುಗಳು ಆ ಮನೆಯ ಮುಂದೆ ಇಳಿದವು ಎಂಬುದು ಮಾತ್ರ ಬೀದಿಗೆಲ್ಲ ತಿಳಿಯಿತು. ಮುಂದಿನ ಭಾನುವಾರ ಅಕ್ಕತಂಗಿಯರಿಬ್ಬರೂ ಏಳರ ಆರಾಧನೆಗೇ ಬಂದು, ಹೊದಿಕೆಯ ಎರಡು ತುದಿ ಹಿಡಿದು ಬಲಿಪೀಠಕ್ಕೆ ಹಾಸಿದರು.

ಅದಾದ ಮೇಲೆ ಕತ್ತರಿಯಮ್ಮ ಕಿಟಕಿ ಪಕ್ಕದ ಮಿಷನ್ ಒರೆಸಿ, ಎಣ್ಣೆ ಬಿಟ್ಟು ಕಾದಳು. ತಂಗಿ ಬುಧವಾರ ಬಂದವಳು ಅದನ್ನು ನೋಡಿ ನಕ್ಕಳು.

"ಕ್ಷಮಿಸೋದು ಬೇರೆ, ವಾಪಸ್ ಬಂದು ನಿನ್ನ ಕೈಕೆಳಗೆ ಕೂರೋದು ಬೇರೆ. ನನ್ನ ಅಂಗಡಿ ನನಗಿರಲಿ. ವಾರಕ್ಕೊಂದು ದಿನ ಬರ್ತೀನಿ, ಜೊತೇಲಿ ಊಟ ಮಾಡೋಣ."

ಮೊದಲಿನ ಕತ್ತರಿಯಮ್ಮನಾಗಿದ್ದರೆ ಇದಕ್ಕೆ ನಾಲ್ಕು ಮಾತು ಆಡುತ್ತಿದ್ದಳು. ಈಗ, "ಸರಿ, ತಟ್ಟೆ ತೊಳಿ ಹಾಗಾದ್ರೆ," ಅಂದಳಷ್ಟೇ.

ತಂಗಿಯ ಗಂಡ ಮಾತ್ರ ಬಗ್ಗಲಿಲ್ಲ. ಏಳು ವರ್ಷ ಹೆಂಡತಿಯ ಕಣ್ಣೀರು ಕಂಡವನು ಅವನು. ಕತ್ತರಿಯಮ್ಮ ಎದುರು ಸಿಕ್ಕಾಗಲೆಲ್ಲ "ಹೇಗಿದ್ದೀರಪ್ಪ?" ಅನ್ನುವಳು, ಅವನು ಹೂಂ ಎಂದು ದಾಟಿ ಹೋಗುವನು. ಅವಳು ದೂರಲಿಲ್ಲ. ತಾನು ಏಳು ವರ್ಷ ತೆಗೆದುಕೊಂಡಿರುವಾಗ ಅವನಿಗೂ ಒಂದಿಷ್ಟು ಕಾಲ ಬೇಕಲ್ಲ ಎಂದುಕೊಂಡಳು. ಸಿಕ್ಕಾಗ ಕೇಳುವುದನ್ನೂ ಬಿಡಲಿಲ್ಲ.

ಹೀಗೆ ವರ್ಷದ ಮೇಲಾಯಿತು. ಒಂದು ಮಧ್ಯಾಹ್ನ ಅವನು ಡ್ಯೂಟಿ ಮುಗಿಸಿ, ಹೊಸ ಖಾಕಿ ಪ್ಯಾಂಟು ಹಾಕಿಕೊಂಡೇ ಅಂಗಡಿಯ ಮೆಟ್ಟಿಲು ಹತ್ತಿ ಬಂದ.

"ಅತ್ತಿಗೆ, ಕಾಲು ಉದ್ದ ಆಗಿದೆ. ಎರಡು ಬೆರಳು ಗಿಡ್ಡ ಮಾಡಿ ಕೊಡ್ತೀರಾ?"

ಊರಿಗೆಲ್ಲ ಹೊಲಿದುಕೊಡುವ ಹೆಂಡತಿ ಮನೆಯಲ್ಲೇ ಇದ್ದಾಳಲ್ಲ ಎಂದು ಕೇಳುವಷ್ಟು ದಡ್ಡಿಯಲ್ಲ ಕತ್ತರಿಯಮ್ಮ. "ನೆಟ್ಟಗೆ ನಿಂತ್ಕೊಳ್ಳಿ," ಅಂದಳು. ನಾಲ್ಕು ಗುಂಡುಪಿನ್ನು ತುಟಿಗಳ ನಡುವೆ ಕಚ್ಚಿಕೊಂಡು, ನೋಯುವ ಮಂಡಿಯೂರಿ ಅವನ ಕಾಲ ಬಳಿ ಕೂತು, ಅವತ್ತು ಕಣ್ಣಳತೆ ಬಿಟ್ಟು ಟೇಪ್ ಹಿಡಿದೇ ಅಳತೆ ತೆಗೆದಳು.